ಸ್ವಲ್ಪ ಮಾತ್ರ ನಡುಗಲಿ

ದೊಡ್ಡವನು ಕೆಟ್ಟವನಲ್ಲ. ಹಾಗೆಂದು ಅವನೇ ಹೇಳುತ್ತಿದ್ದ, ಮತ್ತು ಆ ಮಾತಿಗೆ ಅವನನ್ನು ಬಿಟ್ಟರೆ ಬೇರೆ ಸಾಕ್ಷಿ ಸಿಕ್ಕಿರಲಿಲ್ಲ. ತಮ್ಮನ ಕೈ ನಡುಗಲಿ ಎಂದು ದೇವರಲ್ಲಿ ಬೇಡಿಕೊಂಡಾಗಲೂ ಅವನು 'ಸ್ವಲ್ಪ ಮಾತ್ರ' ಎಂದು ಸೇರಿಸಿದ್ದ. ಕೆಟ್ಟವನಾಗಿದ್ದರೆ ಕೈಯೇ ಬಿದ್ದುಹೋಗಲಿ ಎನ್ನುತ್ತಿರಲಿಲ್ಲವೇ?

ಅಣ್ಣತಮ್ಮಂದಿರದು ಒಂದೇ ಕ್ಷೌರದಂಗಡಿ. ಎರಡು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ. ಈ ಕನ್ನಡಿಯೇ ಕೇಡಿಗೆಲ್ಲ ಮೂಲ. ತನ್ನ ಗಿರಾಕಿಯ ಗಲ್ಲ ನೋಡಬೇಕಾದ ದೊಡ್ಡವನ ಕಣ್ಣು ಕನ್ನಡಿಯಲ್ಲಿ ತಮ್ಮನ ಗಿರಾಕಿಯ ಮುಖದ ಮೇಲೇ ಇರುತ್ತಿತ್ತು. ಆ ಮುಖದಲ್ಲಿ ಅದೇನು ಸುಖ! ತಮ್ಮ ತನ್ನ ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಮೆತ್ತಗೆ ಊರಿ, ಒಂದು ಗೆರೆ ಎಳೆದು, ಕತ್ತಿ ಎತ್ತಿ ಹಿಡಿದು, ಮನೆಯವರ ಮಂಡಿನೋವು ವಿಚಾರಿಸಿ, ಆಮೇಲೆ ಇನ್ನೊಂದು ಗೆರೆ ಎಳೆಯುತ್ತಿದ್ದ. ಅಷ್ಟರಲ್ಲಿ ದೊಡ್ಡವನು ಒಂದು ಗಡ್ಡ ಮುಗಿಸಿ, ಬಟ್ಟೆ ಕೊಡವಿ, "ಮುಂದಿನವರು ಬನ್ನಿ" ಎನ್ನುತ್ತಿದ್ದ. ಮುಂದಿನವರು ಪತ್ರಿಕೆಯಿಂದ ತಲೆ ಎತ್ತದೆ, "ಪರವಾಗಿಲ್ಲ, ಚಿಕ್ಕವನಿಗೇ ಕಾಯ್ತೀನಿ. ಅವನ ಕೈಗುಣಾನೇ ಬೇರೆ" ಎನ್ನುತ್ತಿದ್ದರು. ಆ ಚಿಕ್ಕವನಿಗೆ ಕತ್ತಿ ಹಿಡಿಯುವುದನ್ನು ಕಲಿಸಿದ್ದು ಯಾರು? ಗುರುವಿಗೇ ತಿರುಮಂತ್ರ ಎಂದು ದೊಡ್ಡವನು ಒಳಗೊಳಗೇ ಬೇಯುತ್ತಿದ್ದ.

ಮಳೆ ಶುರುವಾದ ವಾರ, ಹಿಂದಿನ ಕೋಣೆಯಲ್ಲಿ ಒದ್ದೆ ಟವೆಲು ಹಿಂಡುತ್ತ, ನಲ್ಲಿಯ ಕಡೆ ಮುಖ ಮಾಡಿ ಅವನು ಆ ಪ್ರಾರ್ಥನೆ ಮಾಡಿದ. ಪ್ರಾರ್ಥನೆಗೆ ತಕ್ಕ ಜಾಗವಲ್ಲ ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಆರಿಸಿಕೊಂಡಿದ್ದ. ನೀರಿನ ಸದ್ದಿನಲ್ಲಿ ದೇವರಿಗೆ ಅರ್ಧಂಬರ್ಧ ಕೇಳಿಸಿದರೆ ಸಾಕು, ಪಾಪವೂ ಅರ್ಧಂಬರ್ಧವೇ ಆಗುತ್ತದೆ ಎಂಬ ಲೆಕ್ಕಾಚಾರ.

ಪೂರ್ತಿ ಕೇಳಿಸಿತು. ಮಳೆಗಾಲ ಮುಗಿಯುವ ಮೊದಲೇ ತಮ್ಮನ ಕತ್ತಿ ನಿವೃತ್ತ ಮೇಷ್ಟ್ರ ಕಿವಿಯ ಕೆಳಗೆ ತಾಗಿ ರಕ್ತ ಬಂತು. ಮೇಷ್ಟ್ರು ದೊಡ್ಡ ಮನಸ್ಸಿನವರು, "ಇರಲಿ ಬಿಡಪ್ಪಾ" ಎಂದರು. ಮುಂದಿನ ಸಲ ಮಾತ್ರ ದೊಡ್ಡವನ ಕುರ್ಚಿಯಲ್ಲಿ ಕೂತರು. ಅವರ ಹಿಂದೆಯೇ ಉಳಿದವರೂ ಬಂದರು. ತಮ್ಮನ ಬಲಗೈ ಈಗ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು.

ದೊಡ್ಡವನ ಎದೆ ಧಸಕ್ಕೆಂದಿತು. ನಿಜ ಹೇಳಬೇಕೆಂದರೆ, ಧಸಕ್ಕೆನ್ನುವ ಮೊದಲು ಒಂದು ಗಳಿಗೆ ಉಬ್ಬಿತು ಕೂಡ. ಲೋಕದಲ್ಲಿ ಇಷ್ಟೊಂದು ಜನ ಮೊರೆಯಿಡುತ್ತಿರುವಾಗ ದೇವರು ತನ್ನ ಮಾತನ್ನೇ ಕೇಳಿಬಿಟ್ಟನಲ್ಲ!

ಸಂಜೆ ಮತ್ತೆ ನಲ್ಲಿಯ ಮುಂದೆ ನಿಂತ. "ಸ್ವಾಮಿ, ಅವತ್ತು ಹೇಳಿದ್ದು ವಾಪಸ್. ತಮಾಷೆಗೆ ಅಂದಿದ್ದೆ." ದೇವರ ಹತ್ತಿರವೂ ಸುಳ್ಳೇ ಎಂದು ನಾಚಿಕೆಯಾಗಿ, "ತಮಾಷೆಗಲ್ಲ, ಹೊಟ್ಟೆಕಿಚ್ಚಿಗೆ" ಎಂದು ತಿದ್ದಿದ. ಕೈ ನಿಲ್ಲಲಿಲ್ಲ. ಆಮೇಲೆ ಚೌಕಾಸಿಗೆ ಇಳಿದ. ಸಿಗರೇಟು ಬಿಡುತ್ತೇನೆ ಎಂದ. ಮಧ್ಯಾಹ್ನದ ಕಾಫಿ ಬಿಡುತ್ತೇನೆ ಎಂದ. ಬಿಟ್ಟೂ ಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬಂತೆ ದೇವರು ಕಾಫಿಯನ್ನು ತೆಗೆದುಕೊಂಡು ನಡುಕವನ್ನು ಅಲ್ಲೇ ಉಳಿಸಿದ. ಕಾಫಿಯಿಲ್ಲದ ಸಿಡುಕು ಮನೆಯಲ್ಲಿ ಹೊರಬಿದ್ದಾಗ ಹೆಂಡತಿ ಕೆದಕಿ ಕೆದಕಿ ವಿಷಯ ತೆಗೆದಳು.

"ರೀ, ಈ ಮನೇಲಿ ನಿಮ್ಮ ಮಾತು ನಾನೇ ಕೇಳಲ್ಲ. ದೇವರು ಕೇಳ್ತಾನಾ?" ಎಂದು ನಕ್ಕಳು. ನಗು ನಿಂತ ಮೇಲೆ, "ಕೇಳಿದ್ರೂ ಕೇಳದೇ ಇದ್ರೂ, ಬೇಡ್ಕೊಂಡೋರು ನೀವೇ ತಾನೆ?" ಎಂದಳು. 

ಕೊನೆಗೆ ಓದಿದವರನ್ನೇ ಕೇಳೋಣವೆಂದು ಮೇಷ್ಟ್ರ ಮುಖಕ್ಕೆ ನೊರೆ ಹಚ್ಚುತ್ತ ಕೇಳಿದ. "ಮೇಷ್ಟ್ರೇ, ದೇವರು ಒಂದ್ಸಲ ಮನಸ್ಸು ಮಾಡಿದ್ಮೇಲೆ ಅದನ್ನ ಬದಲಾಯಿಸ್ತಾನಾ?"

"ಬದಲಾಯಿಸಿದ್ರೆ ಮೊದಲು ಮಾಡಿದ್ದು ತಪ್ಪು ಅಂತಾಯ್ತಲ್ಲಪ್ಪಾ. ತಪ್ಪು ಮಾಡೋನು ದೇವರು ಹೇಗಾಗ್ತಾನೆ?"

"ಹಾಗಾದ್ರೆ ನಾವು ಪಶ್ಚಾತ್ತಾಪ ಪಡೋದು ಯಾಕೆ?"

"ಅದೂ ಒಳ್ಳೆ ಪ್ರಶ್ನೆನೇ. ಇವತ್ತು ಮೀಸೆ ತೆಗೆದುಬಿಡು. ಬೇಡ, ಇರಲಿ. ಇಲ್ಲ, ತೆಗಿ." ತೆಗೆದ ಮೇಲೆ ಕನ್ನಡಿ ನೋಡಿಕೊಂಡು, "ಇರಬೇಕಿತ್ತು ಅನ್ಸುತ್ತೆ" ಎಂದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, "ಯಾಕೋ, ಯಾರಿಗಾದ್ರೂ ಕೇಡು ಬಯಸಿದ್ಯಾ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ದೊಡ್ಡವನು ತಮ್ಮನ ಕಡೆ ತಿರುಗಿದ. ತಮ್ಮ ತನ್ನ ಖಾಲಿ ಕುರ್ಚಿಯಲ್ಲಿ ತಾನೇ ಕೂತು, ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು, ಹಳೆಯ ಪತ್ರಿಕೆ ಓದುತ್ತಿದ್ದ.

ಅವತ್ತು ಬಾಗಿಲು ಎಳೆಯುವಾಗ ತಮ್ಮ ಹೇಳಿದ. "ಅಣ್ಣಾ, ಪಕ್ಕದ ಬೀದಿಯವನು ನನ್ನ ಕುರ್ಚಿ ಕೇಳಿದಾನೆ. ನಾಳೆ ಬಂದು ತಗೊಂಡು ಹೋಗ್ತಾನೆ. ನಾನು ಬೇರೆ ಏನಾದ್ರೂ ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ದೊಡ್ಡವನು ದೀಪ ಹಾಕಿದವನೇ ಹೋಗಿ ತಮ್ಮನ ಕುರ್ಚಿಯಲ್ಲಿ ಕೂತ. ಬಿಳಿ ಬಟ್ಟೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡ. "ಗಡ್ಡ ಮಾಡು" ಎಂದ.

"ಸುಮ್ನೆ ಏಳಣ್ಣಾ. ತಮಾಷೆ ಮಾಡ್ಬೇಡ."

"ಇಷ್ಟುದ್ದ ಬೆಳೆದಿದೆ, ತಮಾಷೆನಾ? ಮಾಡು."

ನೊರೆ ಹಚ್ಚುವಾಗ ಬ್ರಷ್ಷು ಮೂಗಿನೊಳಕ್ಕೂ ಒಮ್ಮೆ ಹೋಗಿ ಬಂತು. ಕತ್ತಿ ಬಂದಾಗ ದೊಡ್ಡವನು ಕಣ್ಣು ಮುಚ್ಚಿದ. ಇಷ್ಟು ವರ್ಷ ಎಷ್ಟೋ ಜನ ತನ್ನೆದುರು ಹೀಗೆಯೇ ಕುತ್ತಿಗೆ ಒಡ್ಡಿ ಕೂತಿದ್ದರು. ಅವರ ಧೈರ್ಯ ಎಂಥದೆಂದು ಇವತ್ತು ತಿಳಿಯಿತು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಉರಿಯುತ್ತಿತ್ತು. ಹೇಳಬೇಕಾದ ಮಾತು ಗಂಟಲಲ್ಲಿ ನಿಂತಿತ್ತು, ಕತ್ತಿಯೂ ಅಲ್ಲಿಗೇ ಬರುತ್ತಿತ್ತು. ಬುದ್ಧಿಯಿರುವವನಾದರೆ ಕತ್ತಿ ಕೆಳಗಿಟ್ಟ ಮೇಲೆ ಹೇಳುತ್ತಿದ್ದ.

"ನಿನ್ನ ಕೈ ನಡುಗ್ಲಿ ಅಂತ ದೇವರ ಹತ್ರ ಬೇಡ್ಕೊಂಡಿದ್ದೆ ಕಣೋ. ಎಲ್ರೂ ನಿನ್ನ ಹತ್ರಾನೇ ಬರ್ತಿದ್ರಲ್ಲ, ತಡ್ಕೊಳೋಕಾಗ್ಲಿಲ್ಲ. ತಪ್ಪಾಯ್ತು."

ಕತ್ತಿ ಗಂಟಲ ಮೇಲೆ ನಿಂತಿತು. ನಿಂತಿತೆಂದರೆ, ಅದು ನಿಲ್ಲಬಲ್ಲಷ್ಟು.

"ಯಾವಾಗ ಬೇಡ್ಕೊಂಡೆ?" ತಮ್ಮನ ದನಿ ಗಟ್ಟಿಯಾಗಿತ್ತು.

"ಮಳೆ ಶುರುವಾದಾಗ."

ತಮ್ಮ ಕತ್ತಿಯನ್ನು ಒರೆಸಿ ಪಕ್ಕಕ್ಕಿಟ್ಟ. "ನನಗೆ ಹೋದ ಚಳಿಗಾಲದಿಂದಾನೇ ನಡುಗ್ತಿದೆ ಅಣ್ಣಾ, ಈಗೀಗ ಮುಚ್ಚಿಡೋಕಾಗ್ತಿಲ್ಲ ಅಷ್ಟೇ. ಡಾಕ್ಟರು ವಾಸಿಯಾಗಲ್ಲ ಅಂದಿದಾರೆ, ಹೆಚ್ಚಾಗದ ಹಾಗೆ ಮಾತ್ರೆ ಕೊಟ್ಟಿದಾರೆ. ಯಾರಿಗೂ ಕಾಣ್ಬಾರ್ದು ಅಂತ ಕಿರುಬೆರಳು ಊರ್ತಿದ್ದೆ. ನಡುಕ ಜಾಸ್ತಿಯಾದಾಗ ಕತ್ತಿ ಎತ್ತಿ ಮಾತಾಡಿಸ್ತಿದ್ದೆ. ಜನ ಅದನ್ನೇ ಕೈಗುಣ ಅಂದ್ರು. ನೀನೂ ಅಂದ್ಕೊಂಡ್ಯಾ?"

ದೊಡ್ಡವನು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಒಂದು ಕೆನ್ನೆಯಲ್ಲಿ ನೊರೆ, ಇನ್ನೊಂದರಲ್ಲಿ ರಕ್ತ. ಇಷ್ಟು ದಿನ ಅವನು ಹೊಟ್ಟೆಕಿಚ್ಚುಪಟ್ಟದ್ದು ತಮ್ಮನ ಕಾಯಿಲೆಯನ್ನು ನೋಡಿ. ಹಾಗಾದರೆ ತನ್ನಿಂದ ಆದದ್ದಲ್ಲ! ಎದೆಯಿಂದ ಭಾರ ಇಳಿಯಿತು. ಇಳಿದ ಮರುಕ್ಷಣವೇ, ನಾಚಿಕೆಗೇಡು, ಸಣ್ಣದೊಂದು ನಿರಾಸೆಯೂ ಆಯಿತು: ದೇವರು ತನ್ನ ಮಾತನ್ನು ಕೇಳಿಯೇ ಇರಲಿಲ್ಲ. ಮನಸ್ಸು ಬದಲಾಯಿಸುವ ಪ್ರಶ್ನೆ ಆಮೇಲಿನ ಮಾತು. ಆ ನಿರಾಸೆ ಕಂಡದ್ದೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಹೇಸಿಗೆಯ ಹಿಂದೆಯೇ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನಲ್ಲಿ, ಟವೆಲು, ಕಾಫಿ ಎಲ್ಲವನ್ನೂ ಹೇಳಿದ. ತಮ್ಮನೂ ಮೊದಲು ಮುಖ ಗಂಟು ಹಾಕಿದ್ದವನು, ಕಾಫಿಯ ಹತ್ತಿರ ಬಂದಾಗ ನಕ್ಕುಬಿಟ್ಟ.

"ಏಳು. ನಿನ್ನದೇನೂ ತಪ್ಪಿಲ್ವಲ್ಲ ಈಗ. ಇನ್ನರ್ಧ ನೀನೇ ಮಾಡ್ಕೋ" ಎಂದ ತಮ್ಮ.

ಏಳಬಹುದಿತ್ತು. ದೊಡ್ಡವನು ತಲೆಯನ್ನು ಹಿಂದಕ್ಕೆ ಒರಗಿಸಿ ಇನ್ನೊಂದು ಕೆನ್ನೆ ತಿರುಗಿಸಿದ. "ಕಿರುಬೆರಳು ಊರಿ ಮಾಡು. ಮನೆಯವರ ಮಂಡಿನೋವು ವಿಚಾರಿಸೋದು ಮರೀಬೇಡ."

ಕುರ್ಚಿ ಒಯ್ಯಲು ಬಂದವನನ್ನು ತಮ್ಮ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ. "ಒಬ್ಬ ಗಿರಾಕಿ ಕೂತಿದಾನೆ, ಈಗ ಆಗಲ್ಲ" ಎಂದ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದರು. ದೊಡ್ಡವನ ಮುಖದ ಮೇಲೆ ರಕ್ತಕ್ಕೆ ಅಂಟಿಸಿದ್ದ ಕಾಗದದ ಚೂರುಗಳನ್ನು ನೋಡಿ ಹೌಹಾರಿದರು. "ಏನೋ ಇದು? ಯಾರು ಮಾಡಿದ್ದು?"

"ನಾನೇ ಬೇಡಿ ಪಡ್ಕೊಂಡಿದ್ದು ಮೇಷ್ಟ್ರೇ" ಎಂದ ದೊಡ್ಡವನು. "ನಾಳೆಗೂ ಹೇಳಿಟ್ಟಿದೀನಿ."