ಕಿಟಕಿಗೆ ಹಿಡಿದ ಲೋಟ

ಇಂದಿಗೂ ನೀರು ಕುಡಿಯುವ ಮುನ್ನ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಹೆಂಡತಿ ಇದ್ದಾಗ ನಗುತ್ತಿದ್ದಳು. ಈಗ ನಗುವವರಿಲ್ಲ; ಅಭ್ಯಾಸ ಮಾತ್ರ ಉಳಿದಿದೆ.

ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಾನು. ಮಳೆಗಾಲದಲ್ಲಿ ಹೊಳೆ ಕೆಂಪೇರಿದಾಗ, ಕೆಸರನ್ನು ತಳಕ್ಕಿಳಿಸುವ ಆಲಂ ಎಷ್ಟು ಬೇಕೆಂದು ಲೋಟ ನೋಡಿಯೇ ಹೇಳುತ್ತಿದ್ದೆ. ನೀರು ಪರೀಕ್ಷಿಸುತ್ತಿದ್ದ ಕೆಮಿಸ್ಟರು ನಿವೃತ್ತರಾದ ಮೇಲೆ ಎರಡು ವರ್ಷ ಅವರ ಕುರ್ಚಿಯಲ್ಲಿ ಕೂತು ಕೆಲಸ ನಡೆಸಿದೆ. ಆ ಹುದ್ದೆಗೆ ಅರ್ಜಿಯನ್ನೂ ಹಾಕಿದೆ. ಓದಿದ್ದು ಹತ್ತನೇ ತರಗತಿ. ಅರ್ಜಿ ವಾಪಸ್ ಬಂತು.

ಮೇಲಧಿಕಾರಿ ಮರಿಸ್ವಾಮಿ ಸಾಹೇಬರು ಕರೆಸಿದರು. "ಬೇಜಾರು ಮಾಡ್ಕೋಬೇಡಯ್ಯ, ಡಿಗ್ರಿ ಇಲ್ದೆ ನನ್ನ ಕೈಲೂ ಏನೂ ಆಗಲ್ಲ. ನಾಳೆ ಸಂದರ್ಶನ ಇದೆ. ಪ್ರಶ್ನೆ ನೀನೇ ಬರ್ಕೊಡು. ಉತ್ತರಾನೂ ಬರಿ. ಬಂದವರು ಹೇಳಿದ್ದು ಸರಿಯೋ ತಪ್ಪೋ ನಮಗೆ ಗೊತ್ತಾಗ್ಬೇಕಲ್ಲ!"

ನನಗೆ ಸಿಗದ ಕುರ್ಚಿಗೆ ನಾನೇ ಆಳು ಹುಡುಕಬೇಕಿತ್ತು.

"ಪ್ರಶ್ನೆ ಬೇಡ ಸಾರ್, ಒಂದು ಲೋಟ ಹೊಳೆ ನೀರಿಡ್ತೀನಿ" ಎಂದೆ.

ಮರುದಿನ ಬೆಳಗ್ಗೆಯೇ ನೀರು ತುಂಬಿಸಿ ಮೇಜಿನ ಮೇಲಿಟ್ಟೆ. ಆಲಂ ಎಷ್ಟು ಹಾಕಬೇಕು ಎಂಬುದಷ್ಟೇ ಪ್ರಶ್ನೆ. ಚಿನ್ನದ ಪದಕ ಪಡೆದ ಹುಡುಗನೊಬ್ಬ ಲೋಟದತ್ತ ನೋಡದೆಯೇ ಒಂದು ಅಂಕಿ ಹೇಳಿಬಿಟ್ಟ. ಇನ್ನೊಬ್ಬ ನನ್ನ ಹೆಗಲು ತಟ್ಟಿ, "ಅದಕ್ಕೆಲ್ಲ ನೀವಿದ್ದೀರಲ್ಲಣ್ಣ. ನೀವು ಹೇಳಿ, ನಾನು ಸಹಿ ಹಾಕ್ತೀನಿ" ಎಂದು ನಕ್ಕ.

ಕೊನೆಗೆ ಬಂದವಳು ನೀಲವೇಣಿ. ಲೋಟವನ್ನೆತ್ತಿ ಕಿಟಕಿಗೆ ಹಿಡಿದಳು.

"ಇದು ಯಾವಾಗ ತುಂಬಿದ ನೀರು? ಮಣ್ಣೆಲ್ಲ ತಳ ಸೇರಿದೆ. ಇದನ್ನ ನೋಡಿ ಹೇಳಿದ್ರೆ ಆಲಂ ಕಮ್ಮಿ ಬೀಳುತ್ತೆ. ಈಗ ಹೊಳೇಲಿರೋ ನೀರು ತರಿಸಿ ಸಾರ್. ನಾಲ್ಕು ಲೋಟಕ್ಕೆ ನಾಲ್ಕು ಅಳತೆ ಹಾಕಿ ನೋಡಿ ಹೇಳ್ತೀನಿ."

ಒಂಬತ್ತು ಮಳೆಗಾಲ ತಪ್ಪು ಮಾಡುತ್ತಾ ನಾನು ಕಲಿತದ್ದನ್ನು ಅವಳು ಕಾಲೇಜಿನಲ್ಲೇ ಕಲಿತು ಬಂದಿದ್ದಳು. ಡಿಗ್ರಿಯೆಂದರೆ ಬರೀ ಕಾಗದ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆ ಸಮಾಧಾನವೂ ಹೋಯಿತು.

"ಯಾರನ್ನ ತಗೊಳ್ಳೋಣಯ್ಯ?" ಸಾಹೇಬರು ಮೆಲ್ಲಗೆ ಕೇಳಿದರು. ಸಹಿ ಹಾಕುವವನು ಬಂದರೆ ಘಟಕ ನನ್ನ ಕೈಯಲ್ಲೇ ಉಳಿಯುತ್ತಿತ್ತು. ಇವಳು ಬಂದರೆ, ಮುಂದಿನ ಮಳೆಗಾಲದ ಹೊತ್ತಿಗೆ ನಾನು ಯಾರಿಗೂ ಬೇಕಾಗುತ್ತಿರಲಿಲ್ಲ.

"ಆ ಹುಡುಗಿ ಸಾರ್" ಎಂದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನೀಲವೇಣಿ ದಿನವೂ ಕರೆದಳು. "ಯಜಮಾನ್ರೇ, ಸ್ವಲ್ಪ ನೋಡಿ ಬನ್ನಿ." ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕರೆಯಲಿಲ್ಲ. ಕೆಲಸ ಬಲ್ಲವರು ಯಾಕೆ ಕರೆಯುತ್ತಾರೆ? ನಿವೃತ್ತನಾಗುವವರೆಗೂ ನಾನು ಆಲಂ ಮೂಟೆಗಳ ಕೋಣೆಯ ಬೀಗದ ಕೈ ನೋಡಿಕೊಂಡಿದ್ದೆ.

ಈ ವರ್ಷವೂ ಹೊಳೆ ಕೆಂಪೇರಿದೆ. ಇಂದು ಬೆಳಗ್ಗೆ ನಲ್ಲಿಯ ನೀರು ಹಿಡಿದು ಲೋಟವನ್ನು ಕಿಟಕಿಗೆ ಎತ್ತಿದೆ. ಎಲ್ಲಾದರೂ ಒಂದಿಷ್ಟು ಕೆಸರಿದೆಯೇ ಎಂದು ಬಹಳ ಹೊತ್ತು ಹುಡುಕಿದೆ. ನೀರಿನ ಆಚೆಗೆ ಕಿಟಕಿಯ ಸರಳುಗಳು ಒಂದೊಂದಾಗಿ, ಸ್ಪಷ್ಟವಾಗಿ ಕಂಡವು. ಕುಡಿದು, ಲೋಟವನ್ನು ತೊಳೆದು ಬೋರಲು ಹಾಕಿದೆ.