ಒಗೆಯುವ ಕಲ್ಲಿನ ಹರಳು

ಹಗರೆ ಊರಿನ ತಮ್ಮ ಮನೆಯ ಹಿತ್ತಿಲಲ್ಲಿ, ಮಣ್ಣಿನಲ್ಲಿ ಅರ್ಧ ಹೂತುಕೊಂಡಿದ್ದ ಒಗೆಯುವ ಕಲ್ಲಿನ ಮುಂದೆ ಮೇಘಶ್ರೀ ಬಹಳ ಹೊತ್ತಿನಿಂದ ಸುಮ್ಮನೆ ಕೂತಿದ್ದಳು. ಅವಳ ಭೂವಿಜ್ಞಾನದ ಪಿಎಚ್‌ಡಿಯ ಮುಖ್ಯ ಅಧ್ಯಾಯ ನಿಂತದ್ದೇ ಈ ಕಲ್ಲಿನ ಮೇಲೆ. ಇದರೊಳಗಿನ ಮೆಣಸಿನಕಾಳಿನಷ್ಟು ಕೆಂಪು ಗಾರ್ನೆಟ್ ಹರಳನ್ನು ಕೊಯ್ದು ಪರೀಕ್ಷಿಸಿದಾಗ, ಇಟ್ರಿಯಂ ಎಂಬ ಧಾತುವಿನ ಅಂಶ ನಡುವೆ ದಟ್ಟವಾಗಿತ್ತು, ಹೊರಗೆ ಬರುತ್ತ ತೆಳುವಾಗಿತ್ತು, ಅಂಚಿನ ಬಳಿ ಮತ್ತೆ ಉಂಗುರದಂತೆ ಮೂಡಿತ್ತು. ಅಂದರೆ ಹರಳು ಬೆಳೆದು, ನಿಂತು, ಒಂದಿಷ್ಟು ಕರಗಿ, ಮತ್ತೆ ಬೆಳೆದಿದೆ. ಈ ನೆಲ ಭೂಗರ್ಭದ ಬಿಸಿಗೆ ಎರಡು ಸಲ ಬೆಂದಿದೆ ಎಂದು ಅವಳು ಬರೆದಿದ್ದಳು.

ಆದರೆ ಆಮೇಲೆ ಸುತ್ತಲಿನ ಬಂಡೆಗಳಿಂದ ತಂದ ಒಂದು ಹರಳಿನಲ್ಲೂ ಆ ಉಂಗುರ ಕಾಣಲಿಲ್ಲ. ಬೇರೆಯವರ ಹಿತ್ತಿಲಾಗಿದ್ದರೆ, ಕಲ್ಲು ಇಲ್ಲಿಯದೇನಾ ಎಂದು ಮೊದಲು ಕೇಳುತ್ತಿದ್ದಳು. ಚಿಕ್ಕಂದಿನಿಂದ ಇದರ ಮೇಲೆ ಕೂತು ಮೀಯಿಸಿಕೊಂಡವಳಿಗೆ ಅದು ಹೊಳೆದೇ ಇರಲಿಲ್ಲ.

ಗುದ್ದಲಿ ತಂದು ಬುಡ ಕೆದಕಿದಳು. ಗೇಣು ಆಳಕ್ಕೇ ಕಲ್ಲು ಮುಗಿದುಹೋಯಿತು. ಕೆಳಗೆ ಯಾರೋ ಇಟ್ಟ ಕಲ್ಲುಚಕ್ಕೆಗಳ ಆಸರೆ. ಇದು ನೆಲದ ಬಂಡೆಯಲ್ಲ, ತಂದು ಕೂರಿಸಿದ್ದು.

"ಏನೇ ಅದು, ಕಲ್ಲಿಗೆ ಸಮಾಧಿ ತೋಡ್ತಿದೀಯ?" ಅಜ್ಜಿ ವಿಶಾಲಮ್ಮ ಬಕೆಟ್ ಹಿಡಿದು ಬಂದರು.

"ಅಜ್ಜಿ, ಇದು ಎಲ್ಲಿಂದ ಬಂತು?"

ಅಜ್ಜಿ ಬಕೆಟ್ ಕೆಳಗಿಟ್ಟರು.

"ನಮ್ಮಪ್ಪ ಗಾಡೀಲಿ ತಂದಿದ್ದು. ನೆಟ್ಟಗೆ ಒಂದು ಒಗೆಯೋ ಕಲ್ಲಿಲ್ಲದ ಮನೆಗೆ ಮಗಳನ್ನ ಕೊಟ್ಬಿಟ್ಟೆ ಅಂತ. ನಿಮ್ಮ ತಾತಂಗೆ ಉರಿದೋಯ್ತು. ಕಲ್ಲು ಇಳಿಸ್ಕೊಂಡ್ರು, ನಮ್ಮಪ್ಪನ್ನ ಒಳಕ್ಕೆ ಕರೀಲಿಲ್ಲ."

ಅರಸೀಕೆರೆ ಕಡೆಯ ತವರಿಗೆ ಅಜ್ಜಿ ಹೋದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ತಾತ ತೀರಿಕೊಂಡ ಮೇಲೂ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಈಗ ನಿನ್ನ ಓದು ಕೆಟ್ಟೋಯ್ತೇನೆ?"

"ಬರ್ದಿದ್ದು ತಪ್ಪು. ಆ ಅಧ್ಯಾಯ ತೆಗೀಬೇಕು." ಮೇಘಶ್ರೀ ಕೈಯ ಮಣ್ಣು ಉಜ್ಜಿದಳು. "ಆದ್ರೆ ಹರಳು ಸುಳ್ಳಲ್ಲ ಅಜ್ಜಿ. ಅದರ ಮೂಲದ ಬಂಡೆ ಸಿಕ್ಕಿದ್ರೆ ಮತ್ತೆ ಬರೀಬಹುದು. ತವರಲ್ಲಿ ಆ ಬಂಡೆ ಇನ್ನೂ ಇರುತ್ತಾ?"

ವಿಶಾಲಮ್ಮ ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ಸುರಿದು, ಮೆತ್ತಿದ್ದ ಮಣ್ಣನ್ನು ಅಂಗೈಯಿಂದ ತೊಳೆದರು. ಕೆಂಪು ಚುಕ್ಕೆಗಳು ಒಂದೊಂದಾಗಿ ಎದ್ದವು. ಮೇಘಶ್ರೀ ಕಲ್ಲು ಅಲುಗದಂತೆ ಬುಡಕ್ಕೆ ಮಣ್ಣು ತುಂಬತೊಡಗಿದಳು.

"ಹಳೇ ಬಾವಿ ಹಿಂದ್ಗಡೆ ಐತೆ," ಎಂದರು ಅಜ್ಜಿ. "ಹೇಳಿದ್ರೆ ನಿಂಗೆ ಸಿಗಾಕಿಲ್ಲ, ನಾನೇ ತೋರಿಸ್ಬೇಕು."

ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು:

"ಬೆಳಿಗ್ಗೆ ಅರಸೀಕೆರೆ ಬಸ್ಸು ಎಷ್ಟೊತ್ತಿಗೈತೆ?"