ಆರನೆಯ ಕಂಬ

ಪುರಸಭೆಯ ದಾಖಲೆ ಕೋಣೆಯ ಹಿರಿಯ ಗುಮಾಸ್ತನಿಗೆ ಕಂತೆಯಜ್ಜ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೆಟ್ಟವೊಂದನ್ನು ಕೈಗೆ ಕೊಟ್ಟರೂ ಮಡಚಿ, ದಾರ ಸುತ್ತಿ, ಚೀಟಿ ಅಂಟಿಸಿ ಕಪಾಟಿಗೇರಿಸುವ ಆಸಾಮಿ. ನೂರು ವರ್ಷದ ಆ ಕಟ್ಟಡದ ನೆಲಮಹಡಿಯಲ್ಲಿ ಅವನು ಚಾವಣಿಯವರೆಗೆ ಒತ್ತಿ ಪೇರಿಸಿದ್ದ ಕಡತಗಳ ನಡುವೆ ಇರುವೆಯೂ ಓರೆಯಾಗಿಯೇ ನುಗ್ಗಬೇಕಿತ್ತು. ಇಲ್ಲದ ಜಾಗ ಹುಟ್ಟಿಸಿದವನು ತಾನು ಎಂದು ಮೂವತ್ತು ವರ್ಷದಿಂದ ಮೀಸೆ ತಿರುವುತ್ತಿದ್ದ. ಹೇಗೆ ಹುಟ್ಟಿಸಿದ ಎಂಬುದನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ.

ಅವನ ತಂಗಿಯ ಮಗಳು ಕಂಪ್ಯೂಟರಿನಲ್ಲಿ ಕಟ್ಟಡ ಎಬ್ಬಿಸುವವಳು. ಪುರಸಭೆಯವರು ಅವಳನ್ನು ಕರೆಸಿ, ಹಳೆಯ ನಕ್ಷೆ ಕೊಟ್ಟು, ಈ ಕಟ್ಟಡದ್ದೇ ಮಾದರಿ ಮಾಡಿಸಿದ್ದರು. ದಪ್ಪ ಕನ್ನಡಕವೊಂದನ್ನು ಕಣ್ಣಿಗೆ ಕಟ್ಟಿಕೊಂಡರೆ ನಿಂತಲ್ಲೇ ನೂರು ವರ್ಷ ಹಿಂದಕ್ಕೆ ಹೋಗಬಹುದಿತ್ತು. ಕಡತಗಳನ್ನೂ ಅದರೊಳಗೆ ತೋರಿಸಬೇಕೆಂದು, ಹಿಂದಿನ ವಾರ ಅಷ್ಟನ್ನೂ ಫೋಟೊ ತೆಗೆಯಲು ಲಾರಿಗಳಲ್ಲಿ ಸಾಗಿಸಿದ್ದರು. ಪ್ರದರ್ಶನದ ಮೊದಲ ದಿನ ಊರಿನ ಅರ್ಧ ಜನ ಮೇಲಿನ ಸಭಾಂಗಣದಲ್ಲಿದ್ದರೆ, ಉಳಿದರ್ಧ ಮೆಟ್ಟಿಲ ಮೇಲಿತ್ತು.

ಹುಡುಗಿ ಕೆಳಗೆ ಬರಿದಾದ ಕೋಣೆಯಲ್ಲಿ ಅಳತೆಯ ಯಂತ್ರ ತಿರುಗಿಸುತ್ತಿದ್ದಳು. ಕಂತೆಗಳಿದ್ದಷ್ಟು ದಿನ ಆ ಯಂತ್ರಕ್ಕೆ ಅಲ್ಲಿ ಗೋಡೆ ಯಾವುದು, ಕಂಬ ಯಾವುದು ಎಂದೇ ಕಂಡಿರಲಿಲ್ಲ.

"ಮಾಮ, ನಕ್ಷೆಯಲ್ಲಿ ಆರು ಕಂಬ ಇದೆ. ಇಲ್ಲಿ ಐದೇ ಇದೆಯಲ್ಲ?"

ನಿವೃತ್ತಿಗೆ ಹನ್ನೊಂದು ದಿನವಿತ್ತು. ಆ ಕಾಲದ ನಕ್ಷೆಗಾರರಿಗೆ ಎಣಿಕೆಯೇ ಬರುತ್ತಿರಲಿಲ್ಲ, ಅಳಿಸಿಬಿಡು ಎಂದ ಅಜ್ಜ. ಅವಳು ನಕ್ಕು ಅಳಿಸಿದಳು. ಎರಡು ಕಪಾಟಿನ ಆಸೆಗೆ ಒಂದು ಭಾನುವಾರ ಅವನೇ ಕೆಡವಿಸಿದ್ದ ಕಂಬ, ಈಗ ಮಾದರಿಯಿಂದಲೂ ಮಾಯವಾಯಿತು. ಅಜ್ಜನ ಎದೆ ಹತ್ತಿಯಷ್ಟು ಹಗುರಾಯಿತು.

ಅವಳ ಕಂಪ್ಯೂಟರಿನ ಪರದೆಯ ಮೇಲೆ ಸಭಾಂಗಣದ ನೆಲ ಕೆಂಪಗಾಯಿತು.

"ವಿಚಿತ್ರ ಮಾಮ. ಇದಿಲ್ಲದೆ ಮೇಲಿನ ತೊಲೆ ನಿಲ್ಲೋದೇ ಇಲ್ಲ ಅಂತಿದೆ. ಇಷ್ಟು ವರ್ಷ ಅದನ್ನ ಏನು ಹಿಡ್ಕೊಂಡಿತ್ತು?"

ಅಜ್ಜ ತಲೆಯೆತ್ತಿದ. ತೊಲೆಗೂ ಕಂತೆಗೂ ನಡುವೆ ಚಾಕುವಿನ ಅಲಗೂ ತೂರದಂತೆ ತಾನೇ ಮೊಣಕೈಯಿಂದ ಗುದ್ದಿ ಗುದ್ದಿ ತುಂಬಿದ್ದು ನೆನಪಾಯಿತು. ಊರಿನ ಅರ್ಜಿಗಳು, ತಕರಾರುಗಳು, ಜನನ ಮರಣದ ಹಾಳೆಗಳು ಮೂವತ್ತು ವರ್ಷ ಸಭಾಂಗಣವನ್ನು ಹೊತ್ತಿದ್ದವು. ಈಗ ಅಲ್ಲಿ ಗಾಳಿ ಇತ್ತು. ಮೇಲಿನಿಂದ ಸುಣ್ಣದ ಪುಡಿ ಎಳೆಎಳೆಯಾಗಿ ಇಳಿದು ಅವನ ಭುಜದ ಮೇಲೆ ಕೂತಿತು.

"ಕಂಬ ಇತ್ತು ಕಣಮ್ಮ. ತೆಗೆಸಿದ್ದು ನಾನು."

ಅವಳ ಬಾಯಿ ತೆರೆದದ್ದು ಮುಚ್ಚುವ ಮೊದಲೇ ಅಜ್ಜ ಮೆಟ್ಟಿಲ ಮೇಲಿದ್ದ. ಐದು ವರ್ಷದಿಂದ ಮಂಡಿ ನೋವೆಂದು ಒಂದು ಮೆಟ್ಟಿಲೂ ಹತ್ತದ ಮನುಷ್ಯ ಗುಂಡಿನಂತೆ ಹಾರಿದ. ಸಭಾಂಗಣದಲ್ಲಿ ಎಲ್ಲರೂ ಕನ್ನಡಕ ಕಟ್ಟಿಕೊಂಡು ಬೇರೊಂದು ಶತಮಾನದಲ್ಲಿ ತಡಕಾಡುತ್ತಿದ್ದರು. ಕೆಳಗಿನ ಕಂಬ ಕೆಡವಿಸಿದ ಪಾಪಿ ತಾನೇ, ಎಲ್ಲರೂ ಇಳಿಯಿರಿ ಎಂದು ಅವನು ಕೂಗಿದ. ಅದೂ ಪ್ರದರ್ಶನದ ನಾಟಕವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರಂತೂ, ಪಾರ್ಟು ಚೆನ್ನಾಗಿ ಮಾಡ್ತಾನೆ ಎಂದು ಹೊಗಳಿದರು.

ಅಜ್ಜ ಅವರ ಕನ್ನಡಕ ಕಿತ್ತು ನೆಲಕ್ಕೆ ಹಾಕಿದ. "ನಾಟಕ ಅಲ್ಲ ಸ್ವಾಮಿ. ಮೂವತ್ತು ವರ್ಷ ಮಾಡಿದ್ದೇ ನಾಟಕ. ನಡೀರಿ."

ಅವನ ಮುಖ ನೋಡಿದವರು ಕನ್ನಡಕ ಕಿತ್ತೆಸೆದು ಮೆಟ್ಟಿಲಿಗೆ ನುಗ್ಗಿದರು. ಕೊನೆಯವನಾಗಿ ಅಜ್ಜ ಅಂಗಳಕ್ಕೆ ಬಂದು ನೂರು ಎಣಿಸುವಷ್ಟರಲ್ಲಿ ಒಳಗೆ ಆಕಾಶ ಸೀಳಿದ ಸದ್ದಾಯಿತು. ಸಭಾಂಗಣದ ನೆಲ ಮೊಳದುದ್ದ ಕುಸಿದು, ವಾಲಿ ನಿಂತಿತು. ಇಡೀ ಊರು ಅಜ್ಜನತ್ತ ತಿರುಗಿತು.

ಹುಡುಗಿ ಅಂಗಳದ ನೆಲದ ಮೇಲೆ ಕೂತು, ಹೊತ್ತು ತಂದಿದ್ದ ಕಂಪ್ಯೂಟರ್ ತೆರೆದು, ಅಳಿಸಿದ್ದ ಕಂಬವನ್ನು ಮಾದರಿಯಲ್ಲಿ ಮತ್ತೆ ನಿಲ್ಲಿಸಿದಳು. ಪಕ್ಕದಲ್ಲಿ ವಿವರಣೆಯ ಚೌಕ ಖಾಲಿ ಇತ್ತು.

"ಏನಂತ ಬರೀಲಿ ಮಾಮ?"

"ಯಾವಾಗ, ಯಾಕೆ ಕೆಡವಿಸಿದ್ದು ಅನ್ನೋದನ್ನ ನಾನೇ ಹೇಳ್ತೀನಿ," ಎಂದ ಅಜ್ಜ. "ಮೊದಲು ನನ್ನ ಹೆಸರು ಹಾಕು."